ಹಸಿರು ಹಗ್ಗ ಕಚ್ಚಿದ ಮೀನು

ಹಿರೇಹಡಗಲಿ ಕಡೆಯ ಕೆರೆಯೊಂದರಲ್ಲಿ ಮೀನು ಸಾಕುವ ಗಾದಿಲಿಂಗಪ್ಪನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಒಬ್ಬನನ್ನು ಬಿಟ್ಟು. ಯಾವನೋ ಪುಣ್ಯಾತ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದ ಮೊಸಳೆಮೂತಿಯ ಮೀನನ್ನು ತಂದು ಕೆರೆಗೆ ಬಿಟ್ಟು ಹೋಗಿದ್ದ. ಅದು ಅವನು ಸಾಕಿದ ಕಾಟ್ಲಾ ಮೀನಿನ ಮರಿಗಳನ್ನು ನುಂಗಿತು, ಎರಡು ಬಲೆ ಹರಿದುಹಾಕಿತು. ಎಲುಬಿನಂಥ ಅದರ ಬಾಯಿಗೆ ಗಾಳವೂ ನಾಟಲಿಲ್ಲ.

ಕೊನೆಗೆ ಅವನು ದನ ಕಟ್ಟುವ ಹಸಿರು ನೈಲಾನ್ ಹಗ್ಗದ ತುದಿಯನ್ನು ಎಳೆಎಳೆಯಾಗಿ ಬಿಡಿಸಿ, ದಾರಕ್ಕೆ ಕಟ್ಟಿ, ನೀರಿನಲ್ಲಿ ಮೀನಿನಂತೆ ಆಡಿಸಿದ. ಅದು ಕಚ್ಚಿತು. ಹಲ್ಲುಹಲ್ಲಿಗೂ ಎಳೆ ಸುತ್ತಿಕೊಂಡು ಬಾಯಿ ಬಿಗಿಯಿತು. ದಡ ಇನ್ನೊಂದು ಮಾರು ಇದೆ ಎನ್ನುವಾಗ ದಾರ ತುಂಡಾಯಿತು.

ಅದಾಗಿ ಹನ್ನೆರಡು ದಿನ. ಬಿಗಿದ ಬಾಯಿಯ ಸಂದಿಯಿಂದಲೇ ಗಾಳಿ ಎಳೆದುಕೊಳ್ಳಲು ಮೀನು ಮೇಲೆ ಬರುತ್ತದೆ. ಬಲೆ ಕಂಡರೆ ಆಳಕ್ಕೆ ಇಳಿಯುತ್ತದೆ. ದಿನದಿನಕ್ಕೆ ಸೊರಗುತ್ತಿದೆ. ಮರಿಗಳು ಅದರ ಮೂತಿಯ ಮುಂದೆಯೇ ಆರಾಮಾಗಿ ಓಡಾಡುತ್ತವೆ.

"ಇನ್ನೊಮ್ಮಿ ಹಗ್ಗ ಒಗದು ಹಿಡಿರಿ," ಎಂದಳು ಬುತ್ತಿ ತಂದ ಹೆಂಡತಿ ಗಿಡ್ಡಮ್ಮ. "ಕೊಂದ್ರ ಕೊಲ್ರಿ, ಹಿಂಗ ಉಪಾಸ ಕೆಡವಬ್ಯಾಡ್ರಿ."

ಗಾದಿಲಿಂಗಪ್ಪ ಮುರಿದ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲೇ ಇಟ್ಟ.

"ಹಿಡಿಬೇಕಂದ್ರ ಅದು ಬಾಯಿ ತೆಗೀಬೇಕಲ್ಲ, ಗಿಡ್ಡಿ."