ಮೂರನೇ ಬಾಗಿಲ ಮೇಲಿನ ತಂಬಿಗೆ

ಇದು ಹೋದ ವರ್ಷದ ಬೇಸಿಗೆಯಲ್ಲಿ ನಡೆದದ್ದು. ನಾನು ಕೊಟ್ಟೂರಿನಲ್ಲಿ ಮೂವತ್ತು ವರ್ಷದಿಂದ ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳೆಲ್ಲ ಕೈತಪ್ಪಿ ಹೋದವು. ಉಳಿದದ್ದು ಶಾಲೆಯ ಗೋಡೆ, ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗ, ಮತ್ತೆ ಶೌಚಾಲಯದ ಬಾಗಿಲು. ನಗಬೇಡಿ. ಬಾಗಿಲ ಮೇಲೆ ಗಂಡಸಿನ ಮುಖ, ಹೆಂಗಸಿನ ಮುಖ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಹಡಗಲಿಯಿಂದ ಹರಪನಹಳ್ಳಿಯವರೆಗೆ ಯಾರೂ ಇಲ್ಲ. ಅದರಲ್ಲೂ ಮೀಸೆ! ನನಗೆ ಸ್ವಂತದ್ದು ಸರಿಯಾಗಿ ಬೆಳೆಯಲಿಲ್ಲ, ಆ ಆಸೆಯನ್ನೆಲ್ಲ ಬಾಗಿಲುಗಳ ಮೇಲೆ ತೀರಿಸಿಕೊಂಡಿದ್ದೇನೆ. ಆದರೆ ಶಾಲೆಯ ಗೋಡೆಗೆ ಹಾಕುವ ಹಾಗೆ ಆ ಬಾಗಿಲುಗಳ ಮೂಲೆಯಲ್ಲಿ ನನ್ನ ಹೆಸರನ್ನು ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ.

ಆಗ ಮಳಿಗೆ ಮಾಲೀಕರಿಗೆಲ್ಲ ಪಟ್ಟಣ ಪಂಚಾಯ್ತಿಯಿಂದ ಸೂಚನೆ ಬಂದಿತ್ತು. ಗಿರಾಕಿಗಳಿಗೆ ಶೌಚಾಲಯ ಇರಬೇಕು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಇರಬೇಕು, ಬಾಗಿಲ ಮೇಲೆ ಗುರುತು ಕಾಣಬೇಕು ಎಂದು. ಕೊಟ್ರಬಸಪ್ಪ ಸಾವ್ಕಾರರು ನನ್ನನ್ನು ಕರೆಸಿದರು. ಅವರ ಕಾಂಪ್ಲೆಕ್ಸಿನ ಹಿಂದೆ ಸಾಲಾಗಿ ಮೂರು ಶೌಚಾಲಯಗಳಿವೆ.

"ಎರಡು ಗಂಡಸ್ರಿಗೆ, ಒಂದು ಹೆಂಗಸ್ರಿಗೆ ಬರಿ. ಮೀಸಿ ಜೋರ್ ಇರ್ಲಿ," ಎಂದರು.

ಮೊದಲ ಬಾಗಿಲಿಗೆ ಹೂ ಮುಡಿದ ಹೆಂಗಸಿನ ಮುಖ ಬರೆದು ಮುಗಿಸಿದೆ. ಎರಡನೆಯದಕ್ಕೆ ಮೀಸೆ ತಿರುವುತ್ತಿದ್ದಾಗ ಒಬ್ಬ ರೈತ ಹೆಂಡತಿಯ ಎರಡೂ ತೋಳಿನ ಕೆಳಗೆ ಕೈ ಕೊಟ್ಟು ನಡೆಸಿಕೊಂಡು ಬಂದ. ಉಜ್ಜಿನಿಯ ಸಿದ್ದಪ್ಪ, ಅವನ ಹೆಂಡತಿ ಗಂಗಮ್ಮ. ಆಕೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅದೇ ಕಾಂಪ್ಲೆಕ್ಸಿನಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರ್ ಇದ್ದಾರೆ, ಅಲ್ಲಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದರು.

ಸಿದ್ದಪ್ಪ ಹೆಂಡತಿಯನ್ನು ಮೊದಲನೇ ಬಾಗಿಲಿಗೆ ಕರೆದುಕೊಂಡು ಹೋದ. ಅಲ್ಲಿ ನಿಂತಿದ್ದ ಹೆಂಗಸರು ಅವನನ್ನು ತಡೆದರು. "ಕಣ್ಣು ಕಾಣಲ್ಲೇನ್ರಿ? ಚಿತ್ರ ಬರದೈತಿ. ಇದು ಹೆಂಗಸ್ರದು."

"ಆಕಿಗೆ ಒಬ್ಬಾಕಿಗೇ ಕುಂದ್ರಾಕ ಆಗಲ್ರಿ ತಾಯಿ, ನಾನಾ ಕುಂದ್ರಸಬೇಕು," ಎಂದ ಸಿದ್ದಪ್ಪ. ಅವರು ಒಪ್ಪಲಿಲ್ಲ. ಅವರದೂ ತಪ್ಪೆನ್ನಲಾರೆ. ಅವನು ಎರಡನೇ ಬಾಗಿಲ ಕಡೆ ತಿರುಗಿದ. ಗಂಗಮ್ಮ ನನ್ನ ಹಸಿ ಮೀಸೆಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ಗಂಡಸ್ರದಕ್ಕ ನಾ ಬರಂಗಿಲ್ಲ," ಎಂದಳು. ನಾಲಿಗೆ ತೊದಲುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿ ಕೇಳಿಸಿತು.

ಮೂರನೆಯದರ ಬಾಗಿಲಿಗೆ ನಾನು ಆಗಷ್ಟೇ ಬಿಳಿ ಬಳಿದು, ಯಾರೂ ಮುಟ್ಟದ ಹಾಗೆ ಹಗ್ಗ ಕಟ್ಟಿದ್ದೆ. ಬಿಚ್ಚುತ್ತೇನೆ ಎಂದು ಏಳುವಷ್ಟರಲ್ಲಿ ಆಕೆಯ ಸೀರೆ ನೆನೆದುಹೋಯಿತು. ಎಲ್ಲರೂ ನೋಡಿದರು. ಸಿದ್ದಪ್ಪ ಹೆಗಲ ಮೇಲಿನ ಟವೆಲನ್ನು ಆಕೆಯ ಸೊಂಟಕ್ಕೆ ಸುತ್ತಿ, ನನಗೆ ಇಷ್ಟೇ ಅಂದ: "ಹೋದ ವಾರದ ತನಕ ಯಾವ ಬಾಗ್ಲ ಖಾಲಿ ಇತ್ತೋ ಅದಕ್ಕ ಹೋಗ್ತಿದ್ವಿ, ಪೇಂಟ್ರಾ."

ಬೈದಿದ್ದರೆ ಚೆನ್ನಾಗಿತ್ತು. ನನ್ನ ಕುಂಚ ಕೈಯಲ್ಲೇ ಒಣಗಿತು.

ಮುಂದಿನ ಸಲ ಅವರು ಬಂದಾಗ ಮೂರನೇ ಬಾಗಿಲು ಇನ್ನೂ ಬಿಳಿಯಾಗಿಯೇ ಇತ್ತು, ಆದರೆ ಅದೂ ಗಂಡಸರದೇ ಎಂದು ಎಲ್ಲರಿಗೂ ಗೊತ್ತಾಗಿತ್ತು. ಗಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬಿಸಿಲಿಗೆ ತುಟಿ ಒಡೆದಿತ್ತು. ನಾನು ನೀರಿನ ಬಾಟಲಿ ಕೊಟ್ಟರೆ ಮುಖ ತಿರುಗಿಸಿದಳು.

"ನೀರು ಕುಡದ್ರ ಹೋಗಬೇಕಾಗತೈತಿ ಅಂತ ಮುಂಜಾನಿಂದ ಒಂದು ಹನಿ ಮುಟ್ಟಿಲ್ರಿ," ಎಂದ ಸಿದ್ದಪ್ಪ. "ಇನ್ನ ಬರಾದಾ ಬ್ಯಾಡ ಅಂತಾಳ. ವ್ಯಾಯಾಮ ಬಿಟ್ರ ಕಾಲು ಸೆಟಗೊಂತೈತಿ ಅಂತಾರ ಡಾಕ್ಟ್ರು. ನಾ ಏನ್ ಮಾಡ್ಲಿ?"

ನಾನು ನೇರ ಸಾವ್ಕಾರರ ಹತ್ತಿರ ಹೋದೆ. ಮೂರನೇ ಬಾಗಿಲಿಗೆ ಮೀಸೆ ಬರೆಯುವುದಿಲ್ಲ, ಅದನ್ನು ಎಲ್ಲರಿಗೂ ಬಿಡಿ ಎಂದೆ.

"ನಿನ್ನ ಮಾತು ಕೇಳಿ ನಾಳೆ ಪಂಚಾಯ್ತಿ ಆಫೀಸಿಗೆ ನಾ ಅಲೀಬೇಕೇನಲೇ?"

"ನೀವು ಅಲೀಬ್ಯಾಡ್ರಿ. ನಾನಾ ಹೋಗಿ ಕೇಳ್ಕೊಂಡು ಬರ್ತೀನಿ."

ಪಂಚಾಯ್ತಿ ಕಚೇರಿಯಲ್ಲಿ ನೈರ್ಮಲ್ಯ ನೋಡಿಕೊಳ್ಳುವ ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿದರು. "ಹೆಂಗಸ್ರಿಗೆ ಒಂದು, ಗಂಡಸ್ರಿಗೆ ಒಂದು ಐತಲ್ಲ? ಮೂರನೇದು ಎಲ್ಲಾರಿಗೂ ಇರ್ಲಿ ಬಿಡ್ರಿ, ಬ್ಯಾಡ ಅಂದೋರು ಯಾರು? ಒಳಗ ಚಿಲಕ ಗಟ್ಟಿ ಇರ್ಬೇಕು, ಗುರುತು ಓದಾಕ ಬರದೋರಿಗೂ ತಿಳೀಬೇಕು," ಎಂದರು.

ಪೇಚಿಗೆ ಸಿಕ್ಕಿದ್ದೇ ಇಲ್ಲಿ. ಎಲ್ಲರಿಗೂ ಎಂಬುದಕ್ಕೆ ಯಾವ ಮುಖ ಬರೆಯಲಿ? ಎರಡು ಮುಖ ಒಟ್ಟಿಗೆ ಬರೆದರೆ ಅರ್ಥವೇ ಬೇರೆಯಾಗಿ ಊರೆಲ್ಲ ನಗುತ್ತಿತ್ತು. ಊಟದ ಹೊತ್ತಿನವರೆಗೂ ಬಿಳಿ ಬಾಗಿಲ ಎದುರು ಬಣ್ಣದ ಡಬ್ಬಿ ಇಟ್ಟುಕೊಂಡು ಕೂತೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಶೌಚಾಲಯ ಇರಲಿಲ್ಲ. ಬೆಳಕು ಹರಿಯುವ ಮೊದಲು ನಮ್ಮಜ್ಜಿ, ಗೌಡರು, ನಮ್ಮ ಮಾಸ್ತರು, ಎಲ್ಲರೂ ಬಯಲಿಗೆ ಹೊರಡುತ್ತಿದ್ದರು. ದಾರಿ ಬೇರೆ ಬೇರೆ, ಆದರೆ ಕೈಯಲ್ಲಿ ಇರುತ್ತಿದ್ದದ್ದು ಒಂದೇ.

ಹಳದಿ ಬಣ್ಣ ಕಲಸಿದೆ. ಬಾಗಿಲ ನಡುವೆ ದೊಡ್ಡದೊಂದು ಹಿತ್ತಾಳೆ ತಂಬಿಗೆ ಬರೆದೆ. ಹೊಳಪಿಗೆ ಪಕ್ಕದಲ್ಲಿ ಒಂದು ಬಿಳಿ ಗೆರೆ ಎಳೆದೆ.

ಸಾವ್ಕಾರರು ಬಂದು ನೋಡಿದರು. "ಏನಲೇ ಇದು, ತಂಬಿಗಿ!"

"ಇದನ್ನ ಹಿಡಕೊಂಡು ಹೋಗೋರನ್ನ ನೀ ಗಂಡಸೋ ಹೆಂಗಸೋ ಅಂತ ಯಾರರ ಕೇಳ್ಯಾರೇನ್ರಿ ಸಾವ್ಕಾರ್ರ?"

ಅವರು ನಕ್ಕು ನಕ್ಕು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ಇರ್ಲಿ ಬಿಡು. ನಮ್ಮವ್ವಗೂ ತಿಳೀತೈತಿ," ಎಂದು ಹೊರಟುಹೋದರು. ಮರುದಿನ ತಾವೇ ನಿಂತು ಒಳಗೆ ಹೊಸ ಚಿಲಕ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು ಹಾಕಿಸಿದರು.

ಡಾಕ್ಟರಿಂದ ಸಿದ್ದಪ್ಪನಿಗೆ ಫೋನ್ ಮಾಡಿಸಿದೆ. ಸೋಮವಾರ ಇಬ್ಬರೂ ಬಂದರು. ಯಾರೂ ಏನೂ ವಿವರಿಸಲಿಲ್ಲ. ಗಂಗಮ್ಮ ಬಾಗಿಲನ್ನೇ ನೋಡಿದಳು. ಆಮೇಲೆ ಬಾಯಿಯ ಎಡಭಾಗದಲ್ಲಿ ನಗು ಮೂಡಿತು. "ತಂಬಿಗಿ," ಎಂದಳು. ಗಂಡನ ಕಡೆ ತಿರುಗಿ, "ನಡಿ," ಎಂದಳು. ಇಬ್ಬರೂ ಒಳಗೆ ಹೋದರು, ಚಿಲಕ ಬಿತ್ತು. ಸಾಲಿನಲ್ಲಿದ್ದ ಯಾರೂ ತಡೆಯಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತವಳು ನನ್ನ ಕಡೆ ಎಡಗೈ ಚಾಚಿದಳು. "ನೀರು ಕೊಡಪ್ಪ." ಬಾಟಲಿ ಕೊಟ್ಟೆ. ಗಟಗಟ ಕುಡಿದು ಖಾಲಿ ಮಾಡಿ, "ಇನ್ನೊಂದು ತರ್ತೀಯೇನು?" ಎಂದಳು. ನಾನು ಓಡಿಹೋಗಿ ತಂದೆ. ಈ ವಯಸ್ಸಿನಲ್ಲಿ ಓಡಿದೆ.

ಗಂಗಮ್ಮ ಈಗ ಕೋಲು ಊರಿಕೊಂಡು ನಡೆಯುತ್ತಾಳೆ. ಸಂತೆಗೆ ಬರುವ ಒಬ್ಬ ಮಂಗಳಮುಖಿ ಮೊದಲೆಲ್ಲ ಗೋದಾಮಿನ ಹಿಂದಿನ ಜಾಲಿಗಿಡಗಳ ಮರೆಗೆ ಹೋಗುತ್ತಿದ್ದಳು, ಈಗ ತಲೆಯೆತ್ತಿ ಆ ಬಾಗಿಲು ತೆಗೆಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಒಂದು ಖಾನಾವಳಿಯವರು, ಕೂಡ್ಲಿಗಿಯ ಒಂದು ಬಟ್ಟೆ ಅಂಗಡಿಯವರು ನನ್ನನ್ನು ಕರೆಸಿ ಅದೇ ತಂಬಿಗೆ ಬರೆಸಿಕೊಂಡರು.

ಅಂದು ಗಂಗಮ್ಮ ಎರಡನೇ ಬಾಟಲಿ ಕುಡಿಯುತ್ತಿದ್ದಾಗಲೇ ನಾನು ಎದ್ದುಹೋಗಿ ಆ ಬಾಗಿಲ ಕೆಳಮೂಲೆಯಲ್ಲಿ ನನ್ನ ಹೆಸರು ಬರೆದೆ. ವಿಷಯ ತಿಳಿದ ನನ್ನ ಮಗಳು, "ಯಾರರ ಅಂಥಾ ಜಾಗದಾಗ ಹೆಸರು ಹಾಕ್ಕೊಂತಾರೇನಪ್ಪ, ಅಳಿಸಿ ಬಾ ಹೋಗು," ಎಂದು ರೇಗಿದಳು. ನಾನು ಅಳಿಸಿಲ್ಲ. ಬಣ್ಣ ಮಾಸಿದಾಗ ಹೋಗಿ ಮೊದಲು ತಂಬಿಗೆಯನ್ನು, ಆಮೇಲೆ ಹೆಸರನ್ನು ತಿದ್ದಿ ಬರುತ್ತೇನೆ.