ಕಲ್ಲುಗುಂಡಿಗೆ ಕಳಿಸಿದ ಚಹಾ

ಕೂನೂರಿನಲ್ಲಿ ನನ್ನ ಮೊದಲ ಬೆಳಿಗ್ಗೆ, ಪಕ್ಕದ ಮನೆಯ ಪಳನಿಯಮ್ಮ ಕೊಟ್ಟ ಲೋಟದಲ್ಲಿ ಹಾಲೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಒಣಹುಲ್ಲಿನ ಬಣ್ಣದ ಬಿಸಿನೀರು. ಕಷಾಯವೆಂದು ತಿಳಿದು, "ನನಗೆ ಜ್ವರ ಇಲ್ಲ" ಎಂದೆ. ಅವಳು ನಕ್ಕಳು. ಕೊಯ್ದ ಕೂಡಲೇ ಬಾಣಲೆಯಲ್ಲಿ ಹುರಿದು ಒಣಗಿಸಿದ ಎಲೆಯಿಂದ ಮಾಡಿದ್ದು, ಅದೂ ಚಹಾವೇ ಅಂತೆ.

ನಮ್ಮ ಜಿಲ್ಲೆ ಮದ್ರಾಸ್ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ನಾನು ಮದುವೆಯಾಗಿ ಮದ್ರಾಸಿಗೆ ಸೇರಿದೆ. ಗಂಡ ಚಹಾ ಫ್ಯಾಕ್ಟರಿಯ ಲಾರಿ ಡ್ರೈವರ್. ಮೂರನೇ ಕ್ಲಾಸು ಓದಿದ ನನಗೆ ಅಲ್ಲಿಯೇ, ಒಣಗಿದ ಚಹಾದಿಂದ ಕಡ್ಡಿ ಆರಿಸಿ ತೆಗೆಯುವ ಕೆಲಸ ಸಿಕ್ಕಿತು. ಊರಲ್ಲಿ ಚಹಾ ಎಂದರೆ ಅಂಗಡಿಯ ಕಪ್ಪು ಪುಡಿ. ಇಲ್ಲಿ ಎಲೆಯನ್ನು ಬಾಡಿಸಿ, ಹೊಸಕಿ, ತಾಮ್ರದ ಬಣ್ಣ ಬರುವವರೆಗೆ ಹರಡಿಟ್ಟು, ಬಿಸಿಗಾಳಿಯಲ್ಲಿ ಒಣಗಿಸಿದ ಮೇಲೆ ಅದು ಕಪ್ಪಾಗುತ್ತದೆ. ಜರಡಿ ಹಿಡಿದಾಗ ಕೊನೆಗೆ ಬೀಳುವ ಪುಡಿಗೆ ತಮಿಳಿನಲ್ಲಿ ತೂಳ್ ಎನ್ನುತ್ತಾರೆ. ಬೇಗ ಕಡುಬಣ್ಣ ಬಿಡುವುದರಿಂದ ಹೋಟೆಲುಗಳಿಗೆ ಬೇಕಾದದ್ದು ಅದು.

ನನ್ನ ತಮ್ಮ ಕುಶಾಲಪ್ಪ ನಮ್ಮೂರು ಕಲ್ಲುಗುಂಡಿಯಲ್ಲಿ, ಮಡಿಕೇರಿ ಬಸ್ಸು ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿದ್ದ. ಅವನಿಗೆಂದು ಗಂಡ ತಿಂಗಳಿಗೊಂದು ಚೀಲ ತುಂಬಿಸಿ, ಬಾಯಿ ಮಡಚಿ ತರುತ್ತಿದ್ದರು. ನಾನು ಬಿಚ್ಚಿ ನೋಡದೆ, ಕೆಂಪು ನೂಲಿನಿಂದ ಬಾಯಿ ಹೊಲಿದು ಕಳಿಸುತ್ತಿದ್ದೆ. 'ಕೆಂಪು ನೂಲು ಕಂಡರೆ ಅಕ್ಕ ಆರಿಸಿದ್ದೆಂದು ತಿಳಿ' ಎಂದು ಕಾಗದ ಬರೆದಿದ್ದೆ.

ಎರಡು ವರ್ಷದ ನಂತರ ಒಂದು ಚೀಲದ ಮೂಲೆ ಹರಿಯಿತು. ಕೈಗೆ ಬಂದದ್ದು ತೂಳ್ ಅಲ್ಲ, ನಾವು ಆರಿಸಿ ಬಿಸಾಡಿದ ಕಡ್ಡಿ, ನಾರು, ನೆಲ ಗುಡಿಸಿದ ಹೊಟ್ಟು. ಊದಿದರೆ ಹಾರಿತು. ಕೇಳಿದಾಗ ಗೊತ್ತಾಯಿತು, ತಮ್ಮನ ಪಾಲಿನ ಒಳ್ಳೆಯ ಪುಡಿ ಗಂಡನ ಸ್ನೇಹಿತರೊಬ್ಬರ ಹೋಟೆಲಿಗೆ ಹೋಗುತ್ತಿತ್ತು.

"ಕೊತ್ತಂಬರಿ ಕಷಾಯ ಕುಡಿಯುವವರಿಗೆ ಇದು ಧಾರಾಳ ಆಯಿತು ಮಾರಾಯ್ತಿ" ಎಂದರು ಗಂಡ. "ನೀನು ಹೊಲಿ."

ನನ್ನ ಕೈಯಿಂದಲೇ ನನ್ನ ತಮ್ಮನಿಗೆ ಮೋಸ ಮಾಡಿಸಿದ್ದರು. ಅಲ್ಲಿಯವರೆಗಿನ ತಪ್ಪು ಅವರದು. ಆದರೆ ಆ ದಿನ ಹರಿದ ಮೂಲೆಗೆ ತೇಪೆ ಹಾಕಿ, ಬಾಯಿ ಹೊಲಿದವಳು ನಾನು. ಒಳ್ಳೆಯ ಮನೆ ಸೇರಿದ್ದೇನೆಂದು ಊರಿಗೆ ಬರೆದದ್ದು ಸುಳ್ಳಾಗಬಾರದಿತ್ತು.

ಮರುವರ್ಷ ಊರಿಗೆ ಹೋದಾಗ, ಬಸ್ಸಿನ ಡ್ರೈವರ್ ಅಂಗಡಿಯೆದುರು ಲೋಟ ಕವುಚಿ, "ಎಂತ ಮಾರಾಯ, ಚಹಾವಾ, ಗೋಣಿ ತೊಳೆದ ನೀರಾ?" ಎಂದ.

ತಮ್ಮ ತಲೆ ತಗ್ಗಿಸಿದ. "ಕಷಾಯದ ಹಾಗೆ ಕುದಿಸಿ ಕುದಿಸಿ ನಾನೇ ಹಾಳು ಮಾಡುದು, ಅಕ್ಕ. ನೀನು ಕೂತು ಆರಿಸಿದ ಚಹಾ. ಹೇಗೆ ಮಾಡುದು ಅಂತ ಹೇಳಿಕೊಡು."

ಹೇಳಿಕೊಟ್ಟೆ. ನೀರು ಕುದಿದ ಮೇಲೆ ಒಲೆಯಿಂದ ಇಳಿಸು, ಪುಡಿ ಹಾಕಿ ಮುಚ್ಚು, ಬಣ್ಣ ಬಿಡುವವರೆಗೆ ಕಾದು ಸೋಸು. ಹೊಟ್ಟಿಗೆ ಯಾವ ಬಣ್ಣ ಬರಬೇಕು? ಆದರೂ ಅವನು ಪಾಠ ಒಪ್ಪಿಸುವವನಂತೆ ಲೋಟ ತಂದು ನನ್ನೆದುರು ನಿಂತ.

"ಈಗ ಹೇಗುಂಟು ಅಕ್ಕ?"

"ಒಳ್ಳೆದುಂಟು" ಎಂದೆ.

ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆಯಾಗಿ, ಅಂಗಡಿ ಮುಚ್ಚಿತು. ತನ್ನ ಕೈಗುಣವೇ ಕೆಟ್ಟದ್ದೆಂದು ಅವನು ಇಂದಿಗೂ ನಂಬಿದ್ದಾನೆ.

ಕೂನೂರಿನಲ್ಲಿ ನಾನು ಈಗಲೂ ಕನ್ನಡದವಳು. ಆದರೆ ಪಳನಿಯಮ್ಮ ಹೊಸ ಚಹಾ ಮಾಡಿದರೆ ಮೊದಲ ಗುಟುಕು ನನ್ನದು. ಊರಿಗೆ ಹೋದರೆ ತಮ್ಮ ಚಾಪೆ ಹಾಸಿ, ನೆಂಟರಿಗೆ ಕೊಡುವಂತೆ ಬೆಲ್ಲ ನೀರು ತಂದಿಡುತ್ತಾನೆ.

"ನಿನ್ನ ಎದುರು ಚಹಾ ಮಾಡಲಿಕ್ಕೆ ನನಗೆ ನಾಚಿಕೆ, ಅಕ್ಕ" ಎನ್ನುತ್ತಾನೆ.