ಎಲ್ಲರದೂ ಆಗಲಿ

ಗುಜರಾತಿಗೆ ವರ್ಗವಾಗಿ ಬಂದ ಯಾವ ಕನ್ನಡಿಗರ ಮನೆಗೆ ಹೋದರೂ ಮೊದಲ ದೂರು ಒಂದೇ: ಇಲ್ಲಿನವರು ಬೇಳೆಗೆ ಬೆಲ್ಲ ಹಾಕುತ್ತಾರೆ. ಈ ದೂರಿನಲ್ಲಿ ನಮ್ಮತ್ತೆ ಎಲ್ಲರಿಗಿಂತ ಮುಂದು. ನಮ್ಮ ಯಜಮಾನರ ಬ್ಯಾಂಕು ನಮ್ಮನ್ನು ಮೊದಲು ಸೂರತ್ತಿಗೆ, ಆಮೇಲೆ ವಡೋದರಕ್ಕೆ, ಕೊನೆಗೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ತಂದು ಹಾಕಿತ್ತು. ಮೂರು ಊರಿನಲ್ಲೂ ಅತ್ತೆ ನೆರೆಮನೆಯ ದಾಲ್ ರುಚಿ ನೋಡಿ, "ಇದೇನು ತೊವ್ವೆಯೋ ಪಾಯಸವೋ, ಆ ದೇವರಿಗೇ ಗೊತ್ತು" ಎಂದು ಕನ್ನಡದಲ್ಲಿ ಹೇಳಿ, ಎದುರಿಗಿದ್ದವರಿಗೆ ನಗುನಗುತ್ತಾ "ಬಹುತ್ ಅಚ್ಛಾ" ಎನ್ನುತ್ತಿದ್ದರು. ತುಮಕೂರು ಕಡೆಯ ಹೆಂಗಸು. ನಮ್ಮ ಹುಳಿಗೂ ಚೂರು ಬೆಲ್ಲ ಬೀಳುತ್ತದೆ, ಆದರೆ ಅದು ಬಿದ್ದಿದೆ ಎಂದು ನಾಲಿಗೆಗೆ ತಿಳಿಯಕೂಡದು. ಇದು ಅವರ ಕಾನೂನು.

ಅಂಥವರ ಸಾರು ಒಂದು ದಿನ ಸಿಹಿಯಾಯಿತು. ಊಟಕ್ಕೆ ಕೂತವರು ಮುಖ ಮುಖ ನೋಡಿಕೊಂಡೆವು. ಯಜಮಾನರು, "ಅಮ್ಮಂಗೂ ಗುಜರಾತಿನ ನೀರು ಹತ್ತಿಬಿಡ್ತಪ್ಪ" ಎಂದರು. ನಗುವೋ ನಗು. ಅತ್ತೆಯೂ ನಕ್ಕರು. ಆಗ ಶಾಲೆಗೆ ಹೋಗುತ್ತಿದ್ದ ನಮ್ಮ ಮಗಳಿಗಂತೂ ಆ ಸಾರು ಬಹಳ ಇಷ್ಟವಾಯಿತು, ಅವಳು ಹುಟ್ಟಿದ್ದೇ ಸೂರತ್ತಿನಲ್ಲಿ. ಮುಂದಿನ ವಾರ ಮತ್ತೆ ಸಿಹಿ. ಅದರ ಮುಂದಿನ ವಾರ ಉಪ್ಪೇ ಇಲ್ಲ. ಹಾಕಿದ ಬೆಲ್ಲವನ್ನು ಮರೆತು ಮತ್ತೆ ಹಾಕುತ್ತಿದ್ದಾರೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಊರಿನಲ್ಲಿ ಇದ್ದಿದ್ದರೆ ಹೊಳೆಯುತ್ತಿತ್ತೇನೋ, ಇಲ್ಲಿ ನಮಗೆ ಸಿದ್ಧ ತಮಾಷೆಯೊಂದು ಕೈಗೆ ಸಿಕ್ಕಿಬಿಟ್ಟಿತ್ತು.

ತರಕಾರಿ ಗಾಡಿಗೆಂದು ಕೆಳಗೆ ಇಳಿದ ಅತ್ತೆ ಪಕ್ಕದ ವಿಂಗ್‌ನ ಮೂರನೇ ಮಹಡಿಗೆ ಹೋಗಿ, ಯಾರದೋ ಮನೆಯ ಸೋಫಾದ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ಅದಕ್ಕೂ ನಮ್ಮ ಬಳಿ ಉತ್ತರವಿತ್ತು. ಈ ಸೊಸೈಟಿಯ ಕಟ್ಟಡಗಳೆಲ್ಲ ಒಂದೇ ಅಚ್ಚು, ಯಾರಿಗೆ ತಾನೇ ತಪ್ಪುವುದಿಲ್ಲ? ಉತ್ತರ ಮುಗಿದಾಗ ಗಾದೆ ಇತ್ತು: ಅರವತ್ತಕ್ಕೆ ಅರಳುಮರಳು. ಗಾದೆ ಸುಳ್ಳಾದರೂ ವೇದ ಸುಳ್ಳಾಗದು ಅಂತ ದೊಡ್ಡವರು ತಿರುಗಿಸಿ ಹೇಳಿದ್ದರೆ ನಮಗೆ ಉಪಕಾರವಾಗುತ್ತಿತ್ತು. ಕಾಯಿಲೆಗೆ ಗಾದೆಯ ಹೊದಿಕೆ ಹೊದಿಸಿ ನಾವು ಹಾಯಾಗಿದ್ದೆವು.

ಹೊದಿಕೆ ಸರಿದದ್ದು ಗ್ಯಾಸಿನ ವಾಸನೆಗೆ. ನಾನು ಬಟ್ಟೆ ಒಣಗಿಸಿ ಬಾಲ್ಕನಿಯಿಂದ ಒಳಗೆ ಬಂದರೆ ಮನೆಯೆಲ್ಲ ಘಾಟು. ಒಲೆಯ ಕಿವಿ ತಿರುಗಿಸಿ, ಹಚ್ಚುವುದನ್ನು ಮರೆತು, ಅತ್ತೆ ಒಲೆಯ ಮುಂದೆಯೇ ನಿಂತಿದ್ದರು. ಕೈಯಲ್ಲಿ ಲೈಟರ್ ಇತ್ತು. "ಇದು ಯಾಕೆ ಹಿಡ್ಕೊಂಡಿದೀನಿ ನೋಡೇ" ಎಂದು ನನ್ನನ್ನೇ ಕೇಳಿದರು. ನಾನು ಲೈಟರ್ ಕಸಿದುಕೊಂಡು, ಒಲೆಯ ಕಿವಿ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದೆ.

ನರರೋಗದ ಡಾಕ್ಟರ ಬಳಿ ಹೋದೆವು. ಅವರಿಗೆ ಕನ್ನಡ ಬಾರದು, ಅತ್ತೆಗೆ ಬರುತ್ತಿದ್ದ ಅಲ್ಪಸ್ವಲ್ಪ ಹಿಂದಿ ಅಷ್ಟು ಹೊತ್ತಿಗೆ ಕೈಕೊಟ್ಟಿತ್ತು. ಹಾಗಾಗಿ ಮಗನೇ ನಡುವೆ ಕೂತು ಎರಡೂ ಕಡೆಗೆ ಹೇಳಬೇಕು. ಬೆಳಗ್ಗೆ ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. "ಅದೇ, ದಿನಾ ಮಾಡೋದು" ಎಂದರು ಅತ್ತೆ. ಯಜಮಾನರು ಹಿಂದಿಯಲ್ಲಿ, "ಉಪ್ಪಿಟ್ಟು ಅಂತಿದಾರೆ" ಎಂದರು. ಇದು ಯಾವ ಊರು? "ಇವನಿಗೆ ವರ್ಗ ಆಯ್ತಲ್ಲ, ಆ ಊರು." ಯಜಮಾನರು, "ಅಹಮದಾಬಾದ್" ಎಂದರು. ಹೀಗೆ ಮಗರಾಯ ತಾಯಿಯ ಪ್ರತಿ ಉತ್ತರವನ್ನೂ ತಿದ್ದಿ ತೀಡಿ, ಪಾಸು ಮಾಡಿಸುತ್ತಾ ಹೋದರು. ನನಗೆ ತಡೆಯಲಾಗಲಿಲ್ಲ.

"ರೀ, ಅಮ್ಮ ಏನು ಹೇಳಿದ್ರೋ ಅಷ್ಟನ್ನೇ ಹೇಳಿ" ಎಂದೆ.

ಅವರ ಕಿವಿ ಕೆಂಪಾಯಿತು. ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಎಲ್ಲ ಮಕ್ಕಳೂ ಹೀಗೇ ಮಾಡುತ್ತಾರೆ ಎಂದು ಮೆಲ್ಲಗೆ ಹೇಳಿ, ಮತ್ತೆ ಮೊದಲಿನಿಂದ ಕೇಳಿದರು. ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ, ನಿಧಾನವಾಗಿ ಹೆಚ್ಚುತ್ತದೆ. ಗುಳಿಗೆ ಬರೆದುಕೊಟ್ಟರು. ಎದ್ದು ಹೊರಡುವಾಗ, ಇನ್ನು ಮುಂದೆ ಒಲೆಯ ಹತ್ತಿರ ಬಿಡಬೇಡಿ ಎಂದರು.

ಹೇಳುವುದು ಸುಲಭ. ಐವತ್ತು ವರ್ಷ ಒಲೆಯ ಮುಂದೆ ನಿಂತವರನ್ನು ಊಟದ ಮೇಜಿನ ಮುಂದೆ ಕೂರಿಸಿದೆವು. ಅಡುಗೆ ಮುಗಿದೊಡನೆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ನಾನು ಬೀರುವಿನಲ್ಲಿ ಇಡುತ್ತಿದ್ದೆ. ಅಡುಗೆಮನೆಯ ಬಾಗಿಲಿಗೆ ಅವರು ಬಂದರೆ ಕೈಹಿಡಿದು ಹಾಲಿಗೆ ಕರೆತರುತ್ತಿದ್ದೆ. ಮೊದಮೊದಲು ಜಗಳವಾಡಿದರು. "ಅಡುಗೆಮನೇನೂ ಕಿತ್ಕೊಂಡ್ಯಾ? ಕಿತ್ಕೋ, ಕಿತ್ಕೋ, ನಿನ್ನ ಕಾಲ ಬಂತು." ಸೊಸೆಯಾಗಿ ಬಂದ ಹೊಸದರಲ್ಲಿ ಆ ಅಡುಗೆಮನೆಗಾಗಿ ನಾನು ಎಷ್ಟು ಹಲ್ಲು ಕಚ್ಚಿದ್ದೆನೋ ನನಗೇ ಗೊತ್ತು. ಈಗ ಪೂರ್ತಿ ಕೈಗೆ ಬಂದಿತ್ತು, ಮತ್ತು ಅದು ನನಗೆ ಚೂರೂ ಬೇಕಾಗಿರಲಿಲ್ಲ.

ಆಮೇಲೆ ಜಗಳ ನಿಂತಿತು. ಅದರ ಜೊತೆಗೆ ಊಟವೂ ನಿಂತಿತು. ತಟ್ಟೆ ಮುಂದಿಟ್ಟರೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ಎಲ್ಲರದೂ ಆಗಲಿ" ಎನ್ನುತ್ತಿದ್ದರು. ಎಲ್ಲರದೂ ಆಯ್ತು ಅತ್ತೆ ಎಂದರೆ, ನನ್ನನ್ನು ಒಮ್ಮೆ ನೋಡಿ, "ಆಗಲಿ, ಆಗಲಿ" ಎಂದು ತಟ್ಟೆ ಸರಿಸುತ್ತಿದ್ದರು. ತುತ್ತು ಕಲಸಿ ಬಾಯಿಗಿಟ್ಟರೆ ತುಟಿ ಬಿಗಿದುಕೊಳ್ಳುತ್ತಿದ್ದರು. ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿ, ಏನೋ ಒಂದಿಷ್ಟು ಒಳಗೆ ಹೋಗುತ್ತಿತ್ತು. ನವರಾತ್ರಿ ಕಳೆಯುವ ಹೊತ್ತಿಗೆ ಅವರ ರವಿಕೆಗಳನ್ನು ಒಂದು ಹೊಲಿಗೆ ಒಳಗೆ ಹಾಕಿದೆ. ದೀಪಾವಳಿಗೆ ಇನ್ನೊಂದು ಹೊಲಿಗೆ. ಚಳಿಗಾಲದಲ್ಲಿ ಡಾಕ್ಟರು ತೂಕ ನೋಡಿ ತಲೆಯಾಡಿಸಿದರು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಹಬ್ಬ ಕಳೆಯಲಿ, ನೋಡೋಣ ಎಂದರು. ಹಸಿವು ಎಂಬುದೇ ಅವರಿಗೆ ಮರೆತುಹೋಗಿದೆ ಎಂದು ನಾವು ತಿಳಿದೆವು. ಆ ದಿನ ನಾನು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹಬ್ಬ ಎಂದರೆ ನಮ್ಮ ಸಂಕ್ರಾಂತಿ, ಅವರ ಉತ್ತರಾಯಣ. ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ, ಮತ್ತು ಪ್ರತಿ ಮನೆಯಲ್ಲೂ ಉಂಧಿಯು ಆಗಲೇಬೇಕು. ಹಲವು ತರಕಾರಿ ಸೇರಿಸಿ ಎಣ್ಣೆಯಲ್ಲಿ ಬೇಯಿಸುವ ಪಲ್ಯ ಅದು. ಅದರ ಜೀವ ಸೂರತ್ ಕಡೆಯಿಂದ ಬರುವ ಪಾಪಡಿ, ನಮ್ಮ ಅವರೆಕಾಯಿಯ ದಾಯಾದಿ. ಆದರೆ ಅವರು ಅದನ್ನು ಸುಲಿಯುವುದಿಲ್ಲ, ನಾರು ತೆಗೆದು ಸಿಪ್ಪೆಸಮೇತ ಹಾಕುತ್ತಾರೆ. ಇಲ್ಲಿ ಓರಗೆಯ ಹೆಂಗಸರನ್ನು ಬೆನ್ ಎನ್ನುತ್ತಾರೆ, ಹಿರಿಯರನ್ನು ಬಾ. ಎದುರು ಫ್ಲಾಟಿನ ಬೆನ್ ಹಬ್ಬದ ಹಿಂದಿನ ದಿನ ದೊಡ್ಡ ಚೀಲದ ತುಂಬ ಪಾಪಡಿ ತಂದು, ಪ್ರತಿವರ್ಷದಂತೆ ಅತ್ತೆಯ ಮುಂದೆ ಸುರಿದರು. "ಬಾ ಸುಮ್ಮನೆ ಕೂತಿದ್ದಾರಲ್ಲ, ನಾರು ತೆಗೆಯಲಿ. ಕೈಗೆ ಕೆಲಸ, ಮನಸ್ಸಿಗೆ ಸಮಾಧಾನ" ಎಂದು ಹಿಂದಿಯಲ್ಲಿ ಹೇಳಿ ಗೆಣಸು ತರಲು ಹೋದರು. ನಾನು ಮಗಳನ್ನು ಶಾಲೆಯಿಂದ ಕರೆತರಲು ಹೋದೆ. ಮನೆಯಲ್ಲಿ ರಜೆ ಹಾಕಿದ್ದ ಯಜಮಾನರು ಇದ್ದರು, ಅಂದರೆ ಪೇಪರು ಮುಖಕ್ಕೆ ಹಿಡಿದುಕೊಂಡು ಇದ್ದರು.

ಹಬ್ಬದ ಸಾಮಾನನ್ನೂ ತೆಗೆದುಕೊಂಡು ಸಂಜೆ ಬಂದು ನೋಡಿದರೆ ನೆಲದ ಮೇಲೆ ಸಿಪ್ಪೆಯ ಗುಡ್ಡೆ. ಒಂದು ಕಾಯಿಯೂ ಉಳಿದಿರಲಿಲ್ಲ. ಎಲ್ಲವನ್ನೂ ಸುಲಿದು, ಕಾಳನ್ನು ಬಿಸಿನೀರಿಗೆ ಹಾಕಿ, ಅತ್ತೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತಕುತ್ತಿದ್ದರು. ಮೇಲಿನ ತೊಗಟೆ ಕೈಯಲ್ಲಿ ಉಳಿದು ಬೇಳೆ ಚಟ್ಟನೆ ಬಟ್ಟಲಿಗೆ ಹಾರುತ್ತಿತ್ತು. ಬೆರಳುಗಳಿಗೆ ಯಾವ ಮರೆವೂ ಬಂದಿರಲಿಲ್ಲ. ಆ ಬಿಸಿನೀರನ್ನು ಗೀಸರಿನಿಂದ ಹಿಡಿದುಕೊಟ್ಟಿದ್ದು ಯಜಮಾನರೇ! "ಅಮ್ಮ ಕೇಳಿದ್ರು, ಕೊಟ್ಟೆ" ಎಂದರು ಪೇಪರಿನ ಹಿಂದಿನಿಂದ.

ಅಷ್ಟರಲ್ಲಿ ಬೆನ್ ಬಾಗಿಲಲ್ಲಿ. ಹಬ್ಬದ ಮುನ್ನಾದಿನ ಸಂಜೆ, ಮಾರುಕಟ್ಟೆಯಲ್ಲಿ ಒಳ್ಳೆ ಪಾಪಡಿ ಮುಗಿದಿರುವ ಹೊತ್ತು. ಪಾಪಡಿ ಇಲ್ಲದ ಉಂಧಿಯು ಅಂದರೆ ಹುಣಸೆಹಣ್ಣಿಲ್ಲದ ಪುಳಿಯೋಗರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ತಲೆಯೆತ್ತಿ, "ಸೊಗಡು ಸಾಲದು ಕಣೇ, ಆದ್ರೂ ಪರವಾಗಿಲ್ಲ" ಎಂದರು. ತಿಂಗಳುಗಳ ನಂತರ ಅವರು ಅಡುಗೆಯ ವಿಷಯಕ್ಕೆ ಆಡಿದ ಮೊದಲ ಮಾತು ಅದು. ಬೆನ್ ಬಗ್ಗಿ ಬಟ್ಟಲು ನೋಡಿದರು, ಸಿಪ್ಪೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ತಾವೂ ಒಂದು ಕಾಳು ಹಿತಕಿ ನೋಡಿದರು. ಬೇಳೆ ಹಾರಿ ಸೋಫಾದ ಕೆಳಗೆ ಹೋಯಿತು. "ಚಾಲ್ಶೆ" ಎಂದು ನಕ್ಕರು. ನಡೆಯುತ್ತೆ ಬಿಡು ಎಂದು ಅರ್ಥ, ಗುಜರಾತಿನವರ ಅರ್ಧ ಬದುಕು ಆ ಒಂದು ಮಾತಿನಲ್ಲಿದೆ. "ನಾಳೆ ನಮ್ಮ ಮನೆಯವರೆಲ್ಲ ನಿಮ್ಮಲ್ಲೇ ಊಟಕ್ಕೆ. ಬಾ ಏನು ಮಾಡುತ್ತಾರೋ ಅದು."

ಮರುದಿನ ಹಿತಕಬೇಳೆ ಹುಳಿ ಮಾಡಿದವಳು ನಾನು. ಅತ್ತೆಯನ್ನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆ. ಅಳತೆ ಕೇಳಿದರೆ ತಿಳಿಯದು, ಆದರೆ ಮೂಗು ಚುರುಕಾಗಿತ್ತು. "ಹಸೀ ವಾಸನೆ ಹೋಗಿಲ್ಲ, ಕುದೀಲಿ" ಎಂದು ಅಲ್ಲಿಂದಲೇ ಗದರಿದರು. ಮಧ್ಯಾಹ್ನ ತಾರಸಿಯಿಂದ ಎಲ್ಲರೂ ಇಳಿದು ಬಂದರು. ಮೇಜು ಸಾಲದೆ ಹಾಲಿನಲ್ಲಿ ನೆಲದ ಮೇಲೆ ಸಾಲಾಗಿ ಕೂರಿಸಿ ತಟ್ಟೆ ಹಾಕಿದೆ.

ಆ ಸಾಲನ್ನು ಕಂಡು ಅತ್ತೆ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನನ್ನ ಕೈಯಿಂದ ಸೌಟು ತೆಗೆದುಕೊಂಡು, ಸಾಲಿನ ಮೊದಲಿನಿಂದ ಬಡಿಸುತ್ತಾ ಬಂದರು. ಪಾತ್ರೆ ಭಾರವಾಗಿದ್ದರಿಂದ ನಾನು ಹಿಡಿದುಕೊಂಡು ಹಿಂದೆ ನಡೆದೆ. ಅನ್ನ, ಹುಳಿ, ಮೇಲೆ ತುಪ್ಪ. ಬೇಡ ಎಂದು ಬೆನ್ ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸಿದರು. ಎರಡನೇ ಸುತ್ತು ಮುಗಿಯಿತು. ಸಾಲಿನ ಕೊನೆಯಲ್ಲಿ ನಿಂತು ಒಂದೊಂದೇ ತಟ್ಟೆಯನ್ನು ದಿಟ್ಟಿಸಿ ನೋಡಿ, "ಎಲ್ಲರದೂ ಆಯ್ತಾ?" ಎಂದರು. ಎಲ್ಲರೂ ಆಯಿತು ಎಂದರು. ಆಗ ಅತ್ತೆ ಗೋಡೆಗೆ ಒರಗಿ ಕೂತು, ತಮ್ಮ ತಟ್ಟೆ ಎಳೆದುಕೊಂಡು, ಉಂಡರು. ಕಲಸಿ, ಸುರಿದು, ಬೆರಳು ನೆಕ್ಕಿ ಉಂಡರು. ಯಜಮಾನರು ಕೈ ತೊಳೆಯುವ ನೆಪದಲ್ಲಿ ಎದ್ದು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹಸಿವು ಮರೆತಿರಲಿಲ್ಲ. ಮರೆಯದೇ ಉಳಿದದ್ದು ಒಂದು ಪದ್ಧತಿ. ಮನೆಯ ಹೆಂಗಸು ಎಲ್ಲರಿಗೂ ಬಡಿಸಿ ಆದಮೇಲೆ ತಾನು ಕೂರಬೇಕು. ನಾವು ಅವರನ್ನೇ ಮೊದಲು ಕೂರಿಸಿ, ಎಲ್ಲರದೂ ಆಯಿತು ಎಂದು ಸುಳ್ಳು ಹೇಳುತ್ತಿದ್ದೆವು. ಕಣ್ಣಾರೆ ಕಾಣದ್ದನ್ನು ಅವರು ನಂಬಲಿಲ್ಲ. ಒಲೆಯಿಂದ ದೂರವಿಡಿ ಎಂದಿದ್ದರು ಡಾಕ್ಟರು, ಸೌಟು ಕಿತ್ತುಕೊಳ್ಳಿ ಎಂದಿರಲಿಲ್ಲ.

ಅಂದಿನಿಂದ ಬಡಿಸುವುದು ಅತ್ತೆಯ ಕೆಲಸ. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ನಮ್ಮ ಚಿಂತೆ ಬೇರೆ: ಮಜ್ಜಿಗೆಯ ಮೇಲೆ ಸಾರು ಬೀಳುತ್ತಿತ್ತು, ಉಪ್ಪಿನಕಾಯಿ ಮೂರು ಸಲ ಬರುತ್ತಿತ್ತು, ಹಬ್ಬದ ಜಾಮೂನಿನ ಮೇಲೆ ಪಲ್ಯ ಬಿತ್ತು. ಯಜಮಾನರು ಎಲ್ಲವನ್ನೂ ಕಲಸಿ ತಿಂದರು. ಅತ್ತೆಯ ತೂಕ ಮೆಲ್ಲಗೆ ಏರಿತು, ನಳಿಗೆಯ ಮಾತು ನಿಂತಿತು. ನಾನು ರವಿಕೆಯ ಒಂದು ಹೊಲಿಗೆ ಬಿಚ್ಚಿದೆ. ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಮೊಮ್ಮಗಳ ಹೆಸರು ಹೋಯಿತು, ಆಮೇಲೆ ಮಗನ ಹೆಸರು.

ಅದರ ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ. ಯಜಮಾನರು ಬ್ಯಾಂಕಿನಲ್ಲಿ, ಮಗಳು ಗೆಳತಿಯ ಮನೆಯಲ್ಲಿ, ಎದುರಿನ ಬೆನ್ ಊರಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಅಡುಗೆ ಮೇಜಿನ ಮೇಲಿತ್ತು, ಸೌಟು ಅತ್ತೆಯ ಕೈಯಲ್ಲಿತ್ತು, ಬಡಿಸಲು ಯಾರೂ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅತ್ತೆಗಿಂತ ಮೊದಲು ನಾನು ಉಂಡವಳಲ್ಲ. ಅಭ್ಯಾಸಬಲ, ಅವರು ಕೂರಲಿ ಎಂದು ನಾನು ನಿಂತೇ ಇದ್ದೆ. ಅವರೂ ನಿಂತೇ ಇದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹೊರಗಿನವರೊಡನೆ ಆಡುವ ಮೆದು ದನಿಯಲ್ಲಿ ಹೇಳಿದರು:

"ಕೂತ್ಕೊಳಮ್ಮ. ಯಾರ ಮನೆ ಹೆಣ್ಣುಮಗಳೋ ಏನೋ, ಬೆಳಗ್ಗೆಯಿಂದ ನಿಂತೇ ಇದೀಯ. ಸಂಕೋಚ ಮಾಡ್ಕೋಬೇಡ, ಉಣ್ಣು."

ನಾನು ಕೂತೆ. ಅವರು ಬಡಿಸಿದರು. ಸಾಕು ಎಂದರೂ ಬಿಡದೆ ಇನ್ನೊಂದು ಸೌಟು ಹಾಕಿದರು. ಹಾಕಿದ್ದನ್ನೆಲ್ಲ ಉಂಡೆ. ತಟ್ಟೆ ಖಾಲಿಯಾದಾಗ, "ಎಲ್ಲರದೂ ಆಯ್ತು, ಇನ್ನು ನೀವು ಕೂತ್ಕೊಳ್ಳಿ" ಎಂದೆ.

"ಎಲ್ಲರದೂ ಎಲ್ಲಾಯ್ತು?" ಎಂದು ಅತ್ತೆ ಒಂದು ಬಟ್ಟಲು ಹುಡುಕಿ, ಅನ್ನ ಹಾಕಿ, ಮೇಲೆ ಹುಳಿ ಹೊಯ್ದು, ತಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟರು. "ನಮ್ಮ ಸೊಸೆ ಒಬ್ಳು ಉಳಿದಿದಾಳೆ. ಅವಳದು ಯಾವಾಗ್ಲೂ ಕೊನೇಲೇ. ಇದನ್ನ ಅವಳಿಗೆ ಅಂತ ಎತ್ತಿಡಮ್ಮ, ಪಾಪ."

ಆಮೇಲೆ ಕೂತು, ನೆಮ್ಮದಿಯಾಗಿ ಉಂಡರು. ಸಂಜೆ ಅವರು ಮಲಗಿದ್ದಾಗ ನಾನು ಆ ಬಟ್ಟಲು ತೆಗೆದು, ಅಡುಗೆಮನೆಯಲ್ಲಿ ನಿಂತುಕೊಂಡು, ಒಂದು ಅಗುಳೂ ಬಿಡದೆ ತಿಂದೆ.